ರಾತ್ರಿ ಎರಡಕ್ಕ ಯಾರು ಬರ್ತಾರ

ಕೊಟೇಶನ್ ಎರಡು. ಫ್ಯಾನಿಗೆ ಹಾರಬಾರದಂತ ಮ್ಯಾಲ
ಹಳೇದೊಂದು ಲಾಳಿ, ಹಿತ್ತಾಳಿ ಮೂತಿದು.
ಸೋಲಾಪುರದ ಬಿಸಲು, ಅಕ್ಕಲಕೋಟ ರಸ್ತಾದ ಕಾರ್ಖಾನಿ.
"ಮಹಾನಂದಾ, ಸರ್ವರ್ ಹೊಸಾದು ತರೂದು ಖರೆ,"
ಅಂದ್ರು ರೇವಣಸಿದ್ದಪ್ಪ ಮಾಲಕರು,
"ಅದರೊಳಗ ಯಾವುದು ಕೂಡಬೇಕು? ನೀನ ಹೇಳು."

ಹದಿನಾಲ್ಕು ವರ್ಷ ಟಾವೆಲ್ಲಿನ ಬಿಲ್ ತಗದಾಕಿ ನಾನು.
ಮರಾಠಿಯೊಳಗ ಆರ್ಡರ್ ತಗೊಂಡು
ತೆಲುಗಿನ್ಯಾಗ ಮಗ್ಗದವರಿಗೆ ಹೇಳಿ
ಕನ್ನಡದಾಗ ಬೈಸಿಕೊಂಡಾಕಿ.
ಈ ಪ್ರಶ್ನಿ ಯಾವ ಭಾಷಾದ್ದು?

ಪುಣೆದಿಂದ ಬಂದವ ಟೈ ಸಡಲ ಮಾಡದ ಹೇಳಿದ:
ವಿಂಡೋಸ್ ಸರ್ವರ್. ಪೆಟಗಿಗೊಂದು ರೊಕ್ಕ,
ಪೆಟಗಿ ಕೂಡ ಮಾತಾಡೋ ತಲಿ ತಲಿಗೂ ಬ್ಯಾರೆ ರೊಕ್ಕ.
ಮಾಲಕರು ಬೆರಳು ಮಡಚಿದ್ರು:
ಬಿಲ್ಲಿಂಗಿನ್ಯಾಗ ಮೂರು, ಗೋಡೌನಿನ್ಯಾಗ ಎರಡು,
ಬಣ್ಣದ ಖೋಲ್ಯಾಗ ಒಂದು, ಗೇಟಿನ್ಯಾಗ ಒಂದು.
"ಅಂದ್ರ ಮನಿಗೂ ಬಾಡಗಿ, ಬಂದ ಬೀಗರಿಗೂ ತಲಿಗಂದಾಯ?"

ವಿಜಾಪುರ ವೇಸಿನ ಝಾಕೀರ್ ಬಾಗವಾನ
ಚಹಾದ ಬಶಿ ಕೆಳಗಿಟ್ಟು ಅಂದ: ಲಿನಕ್ಸ್ ಹಾಕ್ರಿ, ಪುಕ್ಕಟ ಅದ.
ಪುಕ್ಕಟ ಅಂದಕೂಡ್ಲೆ ಮಾಲಕರ ಹುಬ್ಬು ಗಂಟಾತು.
"ಅದು ಪುಕ್ಕಟರಿ," ನಕ್ಕ ಅವ, "ನಾ ಪುಕ್ಕಟಲ್ಲ."

ಮತ್ತ ನಮ್ಮ ಬಿಲ್ಲಿನ ಪ್ರೋಗ್ರಾಮು?
ಬರದ ದೇಶಪಾಂಡೆ ಸರ್ ತೀರಿಹೋಗಿ ಐದು ವರ್ಷಾತು.
ಅದು ವಿಂಡೋಸ್ ಬಿಟ್ಟು ಕದಲಂಗಿಲ್ಲ.
ಕದಲೂದು ಬ್ಯಾಡ, ಅಂದ ಝಾಕೀರ್,
ಟೇಬಲ್ ಮ್ಯಾಲ ಅದ ಇರಲಿ,
ಲೆಕ್ಕ ಇಡೂ ಖೋಲಿ ಮಾತ್ರ ಲಿನಕ್ಸಿಂದು.
ನಡುವ ಕೇಳೂದು, ಕೊಡೂದು ಒಂದ ಕರಾರಿನ್ಯಾಗ ನಡದ್ರ ಸಾಕು.
ಇಷ್ಟು ತಿಳಿಯಾಕ ನನಗ ಹೊತ್ತ ಹಿಡೀಲಿಲ್ಲ:
ಕಟ್ಟಿ ಮ್ಯಾಲ ಮರಾಠಿ, ಅಡಗಿಮನ್ಯಾಗ ಕನ್ನಡ,
ನಮ್ಮ ಮನಿ ಹಿಂಗ ನಡದದಲ್ಲ ಮೂರು ತಲಿಮಾರು.

ಆದ್ರೂ ಸಹಿ ಬೀಳಲಿಲ್ಲ.

ಪಾಳಿ ಮುಗಿಸಿ ಬಂದ ಜಾಬರ್ ಅಂಬಾದಾಸ ಯೆಮುಲ
ಕಿವಿಯೊಳಗಿನ ಹತ್ತಿ ತಗಕೋತ ನಿಂತು ಕೇಳಿದ.
ಗಿರಣಿ ಸುದ್ದಿ ತಗದ:
ಮ್ಯಾಲ ಒಂದ ಶಾಫ್ಟು, ಪಟ್ಟಾ ಇಳದು ನಲವತ್ತು ಮಗ್ಗ.
ಶಾಫ್ಟ್ ನಿಂತ್ರ ನಲವತ್ತೂ ನಿಂತಂಗ.
"ಆಗ ಅದು ವಿಲಾಯತಿದೋ ಜರ್ಮನಿದೋ ಅಂತ ಯಾರೂ ಕೇಳ್ತಿದ್ದಿಲ್ಲವ್ವಾ.
ಎಣ್ಣಿ ಡಬ್ಬಿ ಯಾರ ಕೈಯಾಗ ಅದ ಅಂತ ಕೇಳ್ತಿದ್ರು."

ಅವತ್ತ ರಾತ್ರಿ ಎರಡಕ್ಕ
ಗಂಡ ಮಕ್ಕಳು ಮಲಗಿದ ಮ್ಯಾಲ ಫೋನ್ ಹಚ್ಚಿದೆ.
ಪುಣೆಯೊಳಗ ಒಂದು ಒತ್ತು ಅಂದ್ರು, ಎರಡು ಒತ್ತು ಅಂದ್ರು,
ಆಮ್ಯಾಲ ಬಾಜಾ ಬಾರಿಸಿದ್ರು.
ಝಾಕೀರ್ ನಾಕನೇ ಗಂಟಿಗೆ, ನಿದ್ದಿಗಣ್ಣಾಗ:
"ಅಕ್ಕಾ, ಏನ್ ಕಡೀತು?"
ಎಳಿ ಕಡದ್ರ ಕೇಳೂ ಮಾತು ಅದು.
ಏನೂ ಕಡದಿಲ್ಲ, ಮಕ್ಕೊ ಅಂದೆ.

ಆದ್ರ ನಿದ್ದಿ ನನಗ ಬರಲಿಲ್ಲ.
ಅವಗೂ ಜ್ವರ ಬರ್ತಾವ, ಮದವಿ ಆಗ್ತದ,
ಮೋಟರ್‌ಸೈಕಲ್ಲು ಜಾರ್ತದ.
ಮುಂಜಾನೆ ಮಾಲಕರಿಗಂದೆ: ಝಾಕೀರಂದ ಇರಲಿ.
ಝಾಕೀರಗ ಅಂದೆ: ಡಬ್ಬಿ ಹಿಡಿಯೂದು ನನಗೂ ಕಲಸು.

ಪಾವಟಗಿ ಬುಡಕ, ಚಪ್ಪಲಿ ಸ್ಟ್ಯಾಂಡಿನ ಬಾಜೂ,
ಕರೇ ಪರದಿ. ಚಿತ್ರ ಇಲ್ಲ, ಬಾಣ ಇಲ್ಲ.
ಒಂದ ಬಿಳಿ ಗೆರಿ ಮಿಣಮಿಣ
ಯಾರು ನೀ ಅಂತ ಕೇಳ್ತು.
ಹೆಸರು ಒತ್ತಿದೆ. ಪಾಸ್‌ವರ್ಡಿನ್ಯಾಗ ತಪ್ಪಿದೆ.
ಮತ್ತ ಕೇಳ್ತು,
ಮಾಲಕರಂಗಲ್ಲ,
ಸಿಟ್ಟಿಲ್ಲದ.