ಏಳೂಮುಕ್ಕಾಲು

ಶಿಡ್ಲಘಟ್ಟದ ಗೂಡಿನ ಮಾರ್ಕೆಟ್ಟು, ಬೆಳಗಿನ ಹತ್ತು ಗಂಟೆ.
ಜಾಲರಿಯೊಳಗೆ ಮೊಣಕೈವರೆಗೂ ಕೈ ಇಳಿಸಿ
ಗೌಸ್ ಪೀರ್ ಸಾಬರು ಬೇರೆಲ್ಲೋ ನೋಡುತ್ತಾರೆ:
ಟೀ ತರುವ ಹುಡುಗನನ್ನು,
ತಗಡಿನ ಮೇಲೆ ಜಗಳಾಡುವ ಪಾರಿವಾಳಗಳನ್ನು.
ತಳದಿಂದ ಒಂದು ಹಿಡಿ ಮೇಲೆ ಬರುತ್ತದೆ.
ಒಂದೇ ಒಂದು ಗೂಡು ಕಿವಿಯ ಬಳಿ, ಒಂದು ಕುಲುಕು.
"ಏಳೂಮುಕ್ಕಾಲು."

ಅಂದರೆ, ಏಳೂಮುಕ್ಕಾಲು ಕೆ.ಜಿ. ಗೂಡು ಬೇಯಿಸಿ ಬಿಚ್ಚಿದರೆ
ಒಂದು ಕೆ.ಜಿ. ನೂಲು.
ಬೆಳಿಗ್ಗೆ ಬೆರಳು ಹೇಳಿದ್ದನ್ನೇ
ಸಂಜೆ ತಕ್ಕಡಿ ಒಪ್ಪಿಕೊಂಡಿತು.

ನಾನು ಆಗ ಅವರ ಶೆಡ್ಡಿಗೆ ಹೊಸಬ.
ತರಬೇತಿಯ ನೋಟ್‌ಬುಕ್ಕಿನಲ್ಲಿ ಹನ್ನೊಂದು ಲಕ್ಷಣ ಇಳಿಸಿಕೊಂಡಿದ್ದೆ.
ಬಣ್ಣ, ಬಿಗಿ, ತುದಿಯ ತೆಳು, ಕಲೆ ಗೂಡೆಷ್ಟು, ಜೋಡಿ ಗೂಡೆಷ್ಟು...
ಒಂದೊಂದಕ್ಕೂ ಗುರುತು ಹಾಕಿ, ಕೂಡಿ, ಕಳೆದು
ತಲೆ ಎತ್ತುವಷ್ಟರಲ್ಲಿ
ಹರಾಜು ನಾಲ್ಕು ಜಾಲರಿ ದಾಟಿರುತ್ತಿತ್ತು.
ನನಗೆ ಹನ್ನೊಂದು ಕಾಣುತ್ತಿದ್ದವು. ಅವರಿಗೆ ಒಂದು.
ಪಾಟಿಯ ಮುಂದೆ ಕೂತ ಮಗು
ಒತ್ತಕ್ಷರ ತಡವರಿಸುತ್ತ 'ಅ... ಮ... ಮ್ಮ' ಎಂದು ಓದುತ್ತದೆ,
ಒಳಮನೆಯಿಂದ ಯಾರೋ
"ಏನೋ?" ಎಂದು ಓಗೊಡುತ್ತಾರೆ.

"ಹೇಗೆ ಗೊತ್ತಾಯ್ತು ಸಾಬರೇ?"
"ಹಗುರ ಇತ್ತು ಬೇಟಾ."
"ನಿನ್ನೆಯದೂ ಹಗುರವೇ ಇತ್ತಲ್ಲ?"
"ಅದು ಬೇರೆ ಹಗುರ."

ಬಿಡಲಿಲ್ಲ ನಾನು. ಒಂದು ಬುಧವಾರ, ನನಗೋಸ್ಕರ,
ಅವರು ನಿಧಾನವಾಗಿ, ಹೇಳುತ್ತ ಹೇಳುತ್ತ ಮುಟ್ಟಿದರು:
ಇಲ್ಲಿ ನೋಡು, ಹೀಗೆ ಒತ್ತು, ಈ ಸದ್ದು ಕೇಳು, ಅಲ್ಲ, ಇದಲ್ಲ, ಇದು...
ಅವತ್ತು ಆರೂವರೆ ಎಂದದ್ದು ಎಂಟೂಕಾಲಿಗೆ ಕೂತಿತು.
ಆ ವಾರದ ಲಾಭವೆಲ್ಲ ಬಿಸಿನೀರಿಗೆ.
"ಇನ್ನು ಕೇಳಬೇಡ," ನಕ್ಕರು,
"ಬಾಯಿ ನಡುವೆ ಬಂದರೆ ಕೈ ಮುನಿಸಿಕೊಳ್ಳುತ್ತೆ."

ಎದುರು ಶೆಡ್ಡಿನ ಮುನಿಶಾಮಣ್ಣನದೂ ಮೂವತ್ತೊಂದು ವರ್ಷವೇ.
ಅದೇ ಮಾರ್ಕೆಟ್ಟು, ಅದೇ ಹಬೆ, ಅದೇ ಸುಲಿದ ಬೆರಳ ತುದಿ.
ಅವನ ಮಾತು ಇನ್ನೂ ಜೋರು, ಇನ್ನೂ ಬೇಗ.
ತಪ್ಪಿದರೆ, ನೀರು ಗಡಸು.
ತಪ್ಪಿದರೆ, ಬೇಯಿಸುವವಳ ಗಮನ ಫೋನಿನಲ್ಲಿ.
ಮತ್ತೂ ತಪ್ಪಿದರೆ, ತಂದವನೇ ಮೋಸಗಾರ.
ಗಾಣದ ಎತ್ತೂ ಲೆಕ್ಕ ಹಾಕಿದರೆ
ಕಾಶಿಯಷ್ಟು ದೂರ ನಡೆದಿರುತ್ತದೆ.

ಕರೆಂಟು ಹೋದ ಒಂದು ಸಂಜೆ
ಕಳಚಿದ ಬೆಲ್ಟು ಹುಡುಕುತ್ತ ಚರಕದ ಹಿಂದೆ ಟಾರ್ಚ್ ಬಿಟ್ಟೆ.
ಗೋಡೆ ತುಂಬ ಇದ್ದಲಿನ ಅಂಕಿಗಳು.
ಎಡಕ್ಕೊಂದು ಸಾಲು, ಬಲಕ್ಕೊಂದು ಸಾಲು.
ಕೂತು ಬರೆದದ್ದು ಕೆಳಗೆ, ನಿಂತು ಬರೆದದ್ದು ಮೇಲೆ,
ಸ್ಟೂಲು ಹತ್ತಿ ಬರೆದದ್ದು ಸೂರಿನ ಹತ್ತಿರ.
ಕೆಳಗೆ: ಐದು, ಒಂಬತ್ತೂವರೆ.
ಹನ್ನೊಂದು, ಏಳು.
ಎದೆಮಟ್ಟಕ್ಕೆ: ಎಂಟು, ಏಳೂವರೆ.
ಆಮೇಲೆ ಎರಡೂ ಸಾಲು ಅವಳಿಜವಳಿಗಳ ಹಾಗೆ
ಕೈ ಹಿಡಿದು ಹತ್ತಿವೆ,
ಹಳದಿ ಗೂಡಿನ ಜಾಗಕ್ಕೆ ಬಿಳಿ ಗೂಡು ಬಂದ ವರ್ಷದವರೆಗೆ.
ಅಲ್ಲಿ ಮತ್ತೆ ಎಳೆಗೂಸು. ಐದೂವರೆ, ಎಂಟು.

ಹಿಂದಿನಿಂದ ಖೈರುನ್ನೀಸಮ್ಮ, ಸೆರಗಿಗೆ ಕೈ ಒರೆಸುತ್ತ:
"ಎಡಗಡೆಯದು ಅವರು. ಮಾರ್ಕೆಟ್ಟಿನಿಂದ ಬಂದ ತಕ್ಷಣ,
ಒಲೆ ಹಚ್ಚುವ ಮೊದಲು.
ಬಲಗಡೆಯದು ನಾನು, ನೂಲು ತೂಗಿ.
ಎರಡೂ ಅವರಿಗೇ ಬಿಟ್ಟಿದ್ದರೆ
ಎಡಗಡೆಯದನ್ನೇ ಬಲಕ್ಕೆ ಬರೆದಿಟ್ಟು
ಸುಖವಾಗಿ ಮಲಗಿಬಿಡುತ್ತಿದ್ದರು."
ಮಗಳ ಮದುವೆಗೆ ಮನೆಯೆಲ್ಲ ಸುಣ್ಣ ಹೊಡೆಸಿದರಂತೆ,
ಇದೊಂದು ಗೋಡೆ ಬಿಟ್ಟು.

ಒಲೆಯಿಂದ ಒಂದು ತುಂಡು ಇದ್ದಲು ಕಾಗದದಲ್ಲಿ ಸುತ್ತಿ ತಂದೆ.
ಬಾಡಿಗೆ ಕೋಣೆ. ಬಾಗಿಲ ಹಿಂದೆ ಬರೆದೆ:
ಆರು.
ಮರುದಿನ ರಾತ್ರಿ, ಪಕ್ಕದಲ್ಲಿ,
ಕೈ ಎರಡು ಸಲ ಹಿಂದೆ ಸರಿದ ಮೇಲೆ:
ಒಂಬತ್ತೂಕಾಲು.

ಬೆಳಿಗ್ಗೆ ನೋಡಿ ಮನೆ ಯಜಮಾನಿ ರೇಗಿದಳು.
ಕ್ಯಾಲೆಂಡರ್ ಒಂದನ್ನು ಮೇಲೆ ತೂಗುಹಾಕಿದ್ದೇನೆ.
ದಿನಕ್ಕೆರಡು ಬಾರಿ ಎತ್ತುತ್ತೇನೆ.