ಹಿಡಿಯುವುದೆಲ್ಲಿ

ಹಿದ್ದ್‌ನ ಹಡಗುಕಟ್ಟೆಯಲ್ಲಿ ನಾನು ಏಡಿ ಓಡಿಸುವವನು.
ನಗಬೇಡಿ. ಕ್ರೇನಿನ ತೊಲೆಯ ಮೇಲೆ
ಅಡ್ಡಡ್ಡಕ್ಕೆ ಹರಿದಾಡುವ ಗಾಲಿಪೆಟ್ಟಿಗೆಗೆ
ಕ್ರ್ಯಾಬ್ ಎಂದೇ ಹೆಸರು. ಫೋರ್‌ಮನ್ ಕೆಳಗಿನಿಂದ
ಕೈ ಬೀಸಿದರೆ ಇಪ್ಪತ್ತು ಟನ್ನಿನ ಚುಕ್ಕಾಣಿ
ನನ್ನ ಹೆಬ್ಬೆರಳ ಮಾತು ಕೇಳಿ ಎಡಕ್ಕೆ ಸರಿಯುತ್ತದೆ.

ರೂಮಿನಲ್ಲಿ ನಾವು ನಾಲ್ವರು.
ಉಳ್ಳಾಲದ ಮೋನಪ್ಪನಿಗೆ ಏಡಿ ಎಂದರೆ ಡೆಂಜಿ,
ಗಂಗೊಳ್ಳಿಯ ಮಂಕಾಳ ಖಾರ್ವಿಗೆ ಕುರ್ಲಿ.
ಬೆಳಗಾವಿಯ ಪರಶ್ಯಾ ಮಾತ್ರ, 'ಏಡಿ ತಂದಿದ್ದೇನೆ' ಅಂದಾಗ
ಬಾಗಿಲ ಹಿಂದೆ ಇಣುಕಿದ:
ಅವನ ಮನೆಯ ಮರಾಠಿಯಲ್ಲಿ ಏಡಿ ಎಂದರೆ ಹುಚ್ಚಿ.
ಸಿತ್ರಾದಲ್ಲಿ ಮೀನು ಮಾರುವ ಮುದುಕನದು
ಗುಬ್ಗುಬ್, ಗುಬ್ಗುಬ್,
ಮುಚ್ಚಿದ ಪಾತ್ರೆಯಲ್ಲಿ ಅನ್ನ ಕುದಿದ ಹಾಗೆ.

ಏಡಿಯ ಬುಟ್ಟಿಗೆ ಮುಚ್ಚಳ ಬೇಡ,
ಒಂದನ್ನೊಂದು ಕಾಲೆಳೆಯುತ್ತವೆ ಎಂದು
ವೀಸಾ ಏಜೆಂಟ್ ನಮ್ಮನ್ನು ನೋಡಿಯೇ ಹೇಳಿದ್ದ.
ನಂಬಿ ಬಕೆಟ್ಟು ತೆರೆದಿಟ್ಟು ಮಲಗಿದೆವು.
ಬೆಳಗ್ಗೆ ಎರಡು ಮೋನಪ್ಪನ ಬೂಟಿನೊಳಗೆ.

ಅರಬ್ಬಿ ಅಕ್ಷರ ನಾನು ಕಲಿತದ್ದು ಚಹಾದಂಗಡಿಯ ಪೇಪರಿನಲ್ಲಿ,
ರಾಶಿಫಲದ ಪುಟದಲ್ಲಿ. ಹನ್ನೆರಡು ಚಿತ್ರ, ಹನ್ನೆರಡು ಪದ.
ಏಡಿಯ ಕೆಳಗೆ: ಸರತಾನ್.
ಹಣ ಕೈಸೇರುವುದು. ಹಳೆಯ ಮಿತ್ರರ ಭೇಟಿ.

ಹಾಗಾಗಿ, ಕೆಮ್ಮಿ ಕೆಮ್ಮಿ ಬೆಂಡಾದ ಮಂಕಾಳನಿಗೆ
ದುಭಾಷಿಯಾಗಿ ಆಸ್ಪತ್ರೆಗೆ ಹೋದ ದಿನ
ಡಾಕ್ಟರಮ್ಮ ಫಿಲ್ಮನ್ನು ಬೆಳಕಿಗೆ ಹಿಡಿದು
ಮೆಲ್ಲಗೆ 'ಸರತಾನ್' ಅಂದಾಗ ನಾನು ಹೇಳಿದ್ದು:
'ನಿಂದು ಕರ್ಕಾಟಕ ರಾಶಿಯಂತೆ, ಮಾರಾಯ.'
'ಅಲ್ಲ, ಕನ್ಯಾ. ಅಬ್ಬೆ ಹೇಳಿದ್ದು. ಸಮಾ ಕೇಳು.'
ಕೇಳಿದೆ. ನನ್ನ ಹರುಕು ಅರಬ್ಬಿಯಲ್ಲಿ ಅದು
'ಇವನು ಕನ್ಯೆ, ಡಾಕ್ಟ್ರೇ' ಎಂದಾಯಿತು.
ಆಕೆ ನಗಲಿಲ್ಲ. ಐದು ಬೆರಳು ಮಡಚಿ
ತನ್ನ ಎದೆಯ ಮೇಲಿಟ್ಟು
ನಿಧಾನಕ್ಕೆ ಬಿಗಿ ಹಿಡಿದಳು.

ಬಸ್ಸಿನಲ್ಲಿ ಸೇತುವೆ ದಾಟುವವರೆಗೆ ಮಾತಿಲ್ಲ.
ಇಳಿತದ ಕೆಸರಲ್ಲಿ ಗುಬ್ಬಿಮೊಟ್ಟೆಯಷ್ಟು ಏಡಿಗಳು
ಮರಳು ತಿಂದು, ಉಂಡೆ ಕಟ್ಟಿ, ಬದಿಗಿಟ್ಟು,
ಮತ್ತೆ ಮರಳು ತಿನ್ನುತ್ತಿದ್ದವು.

ಆಮೇಲೆ ಮಂಕಾಳನೇ ಅಂದ:
'ಸರತಾನ್ ಬೇಡ. ಯಾರೋ ಸಾಹೇಬನ ಹೆಸರಿನ ಹಾಗಿದೆ,
ಎದ್ದು ನಿಲ್ಲಬೇಕು ಅನಿಸ್ತದೆ. ಕುರ್ಲಿ ಅನ್ನು.
ಕುರ್ಲಿ ನಂಗೊತ್ತು. ಬಲೆಯಿಂದ ಬಿಡಿಸುವಾಗ
ಹಿಂಗಾಲ ಬುಡದಲ್ಲಿ ಹಿಡೀಬೇಕು, ಕೊಂಬು ತಿರುಗದ ಕಡೆ.
ಕಚ್ಚಿದರೆ ಎಳೀಬಾರದು.
ಕೈ ನೀರಿಗಿಳಿಸಿ ಸುಮ್ಮನಿರಬೇಕು.
ತಾನಾಗಿ ಬಿಡ್ತದೆ.'
ಎರಡು ಸ್ಟಾಪು ಕಳೆದ ಮೇಲೆ,
'ಕೆಲವು ಸಲ.'

ಅವನು ಹೊರಟ ದಿನ ಶಮಾಲ್ ಗಾಳಿ, ಕ್ರೇನು ನಿಲ್ಲಿಸಿ ಎಂದು ಆದೇಶ.
ಏಣಿ ಇಳಿಯುತ್ತ ನೋಡಿದೆ: ಮುಹರ್ರಕ್‌ನಿಂದ ಎದ್ದ ವಿಮಾನಕ್ಕೆ
ಮೂಗು ಒಂದು ಕಡೆ, ದಾರಿ ಇನ್ನೊಂದು ಕಡೆ.
ಗಾಳಿ ಅಡ್ಡ ಬಂದರೆ ಹಾಗೇ ಹಾರಿಸುವುದಂತೆ,
ಪೈಲಟ್‌ಗಳ ಬಾಯಲ್ಲಿ ಅದಕ್ಕೂ ಏಡಿಯ ಹೆಸರೇ ಅಂತೆ.
ಫೋರ್‌ಮನ್ ಇನ್ನೂ ಏನೋ ಹೇಳುತ್ತಿದ್ದ.

ಮೇಲೆ ನನ್ನ ಏಡಿ ತೊಲೆಗೆ ಬಿಗಿದು ನಿಂತಿತ್ತು.
ಕೊಕ್ಕೆ ಮಾತ್ರ ತೂಗುತ್ತಿತ್ತು, ಬರಿಗೈಯಲ್ಲಿ.