ಯಾವ ಬಂದರಿನ ತಿರುಪು

"ರಾಯ್ಕರ್, ಒಂದು ಅನಾಥ ತಿರುಪು ಬಂದಿದೆ ನೋಡಿ"
ಎಂದರು ಅಂಕೋಲೆಯ ಡಾಕ್ಟರ್ ಉಜ್ವಲಾ, ನಮಸ್ಕಾರಕ್ಕೂ ಮೊದಲು.
ಇನಾಸ್ ಫರ್ನಾಂಡಿಸ್, ಹಡಗಿನ ಅಡುಗೆಯವ,
ಕಳಚಿದ ಮುಂಬಲ್ಲನ್ನು ಕರವಸ್ತ್ರದಲ್ಲಿ ಕಟ್ಟಿ ತಂದಿದ್ದಾನಂತೆ.
ದವಡೆಯೊಳಗಿನ ಲೋಹದ ಬೇರು ಮಾತ್ರ ಗಟ್ಟಿ.
ಯಾವ ಕಂಪನಿ? ಗೊತ್ತಿಲ್ಲ.
ಯಾವ ಊರು? ಡರ್ಬನ್ನೋ ಮೊಂಬಾಸಾವೋ,
ಹಡಗು ಎರಡು ಸಲ ನಿಂತಿತ್ತು, ಒಮ್ಮೆ ಬೇರಿಗೆ, ಒಮ್ಮೆ ಹಲ್ಲಿಗೆ.
ಕೊಟ್ಟಿದ್ದ ಕಾರ್ಡು ಅಂಗಿಯ ಜೇಬಿನಲ್ಲೇ ಲಾಂಡ್ರಿಗೆ ಹೋಯಿತು.

ನನ್ನ ಲ್ಯಾಬು ಕೋಡಿಬಾಗದಲ್ಲಿ, ಬಲೆ ಹಗ್ಗದ ಅಂಗಡಿಯ ಮಾಳಿಗೆ.
ಅಪ್ಪ ವಾಲೆಗೆ ತಿರುಪು ಕೊರೆಯುತ್ತಿದ್ದವರು.
ಒಂದರ ತಿರುಪು ಇನ್ನೊಂದಕ್ಕೆ ಹೋಗುತ್ತದೆ, ಕೂರುವುದಿಲ್ಲ;
ಎರಡು ಸುತ್ತು ಒಪ್ಪಿದಂತೆ ನಟಿಸಿ
ಮೂರನೆಯದಕ್ಕೆ ಹಲ್ಲು ಕಚ್ಚಿ ನಿಲ್ಲುತ್ತದೆ, ಎನ್ನುತ್ತಿದ್ದರು.

ಡಾಕ್ಟರೂ ನಾನೂ ಮೊದಲ ಐದು ವರ್ಷ
ಚೀಟಿಯಲ್ಲೇ ಜಗಳವಾಡಿದೆವು.
ಒದ್ದೆ ಹತ್ತಿಯಲ್ಲಿ ಸುತ್ತಿದ ಅಚ್ಚು, ಬಿಸ್ಕತ್ತಿನ ಡಬ್ಬ, ಕುಮಟಾ ಬಸ್ಸು.
ಏನಿದೆ ಇದರಲ್ಲಿ? ಹಲ್ಲು. ಕಂಡಕ್ಟರನಿಗೆ ದಿನವೂ ಅದೇ ನಗೆ.
"ಎತ್ತರ ಜಾಸ್ತಿ. ಮತ್ತೆ ಮಾಡಿ."
"ಅಚ್ಚು ಎಳೆದಿದೆ. ಮತ್ತೆ ತೆಗೆಯಿರಿ."
ನಡುವೆ ಯಾರೋ ಒಬ್ಬ ಬಡಪಾಯಿ
ತಾತ್ಕಾಲಿಕ ಹಲ್ಲಿನಲ್ಲಿ ಇಡೀ ಮಳೆಗಾಲ ಕಳೆದ.

ಈಗ ಪರದೆಯ ಮೇಲೆ ಇನಾಸನ ಬಾಯಿ ತಿರುಗುತ್ತದೆ, ನಾಲಿಗೆಯಿಲ್ಲದೆ.
ಸಾಫ್ಟ್‌ವೇರು ಠಾಣೆಯ ಪೇದೆಯ ಹಾಗೆ ಕೇಳುತ್ತದೆ:
ಕುತ್ತಿಗೆಯ ಅಗಲ? ಒಳಗೆ ಆರು ಮೂಲೆಯೋ, ಎಂಟೋ?
ಬುಡ ಚೂಪೋ, ಮೊಂಡೋ?
ಗೊತ್ತಿಲ್ಲದಿದ್ದರೆ ಎಕ್ಸ್‌ರೇ ಕೊಡಿ.
ಕೊಟ್ಟೆವು. ಮೂರು ಹೆಸರು ಉಗುಳಿತು,
ಪಕ್ಕದಲ್ಲಿ ಶೇಕಡಾ ಲೆಕ್ಕ, ಮತ ಎಣಿಕೆಯ ದಿನದಂತೆ.

ಎರಡನೆಯದೇ, ಎಂದೆ. ಇಪ್ಪತ್ತೆರಡು ವರ್ಷದ ಕಣ್ಣು ನನ್ನದು.
ಅದರ ಭಾಗ ಡ್ರಾಯರಿನಲ್ಲೇ ಇದೆ, ನಾಳೆಯೇ ಮುಗಿಸೋಣ.
ಆ ಕಡೆ ಸ್ವಲ್ಪ ಹೊತ್ತು ಮಾತಿಲ್ಲ.
ಹಿಂದೆಲ್ಲ ಆ ಮೌನವನ್ನು ನಾನು ಬೈದುಕೊಳ್ಳುತ್ತಿದ್ದೆ.
"ಎಕ್ಸ್‌ರೇ ಓರೆಯಾಗಿದೆ, ನನ್ನದೇ ತಪ್ಪು. ಇನ್ನೊಂದು ತೆಗೀತೇನೆ."

ನೇರ ಚಿತ್ರದಲ್ಲಿ ಕುತ್ತಿಗೆಯ ಕೆಳಗೊಂದು ಗೆರೆ,
ಗುಲಗಂಜಿಯ ತುದಿಗಪ್ಪಿನಷ್ಟೂ ಇಲ್ಲ.
ಯಂತ್ರ ಮೊದಲು ಬರೆದಿದ್ದ ಹೆಸರಿಗೆ ಮಾತ್ರ ಇರುವ ಗೆರೆ.
ನನ್ನ ಡ್ರಾಯರಿನ ಭಾಗ ಹೋಗುತ್ತಿತ್ತು.
ಕೂರುತ್ತಿರಲಿಲ್ಲ.
ಅಪ್ಪ ಇದ್ದಿದ್ದರೆ ಯಾರ ಮುಖ ನೋಡಿ ನಗುತ್ತಿದ್ದರೋ.

ಹುಬ್ಬಳ್ಳಿಯಿಂದ ಭಾಗ ಬರಲು ನಾಲ್ಕು ದಿನ.
ಅಷ್ಟರಲ್ಲಿ ಯಂತ್ರ ಕೇಳದೇ ಬಿಟ್ಟದ್ದನ್ನು ಡಾಕ್ಟರ್ ಬರೆದು ಕಳಿಸಿದರು:
ನಕ್ಕರೆ ಇವನ ಮೇಲ್ತುಟಿ ಮೂಗಿಗೆ ಹತ್ತುತ್ತದೆ,
ಒಸಡು ತೆಳು, ಲೋಹದ ಬೂದು ಇಣುಕಬಾರದು.
ಜೊತೆಗೊಂದು ವಿಡಿಯೊ. ಇನಾಸ್ ಹೇಳುತ್ತಿದ್ದಾನೆ:
ಅನ್ನ ಬೆಂದಿತೇ ಎಂದು ಬೆರಳಿಗೆ ಏನು ಗೊತ್ತು,
ಒಂದು ಅಗುಳನ್ನು ಮುಂಬಲ್ಲಲ್ಲಿ ಕಚ್ಚಬೇಕು.
ಹೇಳಿ ತಾನೇ ನಗುತ್ತಾನೆ, ಕಪ್ಪು ಸಂದಿಯೊಡನೆ.

ಹನ್ನೊಂದು ಸಲ ನೋಡಿದೆ.
ಒಳಗೆ ಲೋಹದ ಬುಡ, ಮೇಲೆ ಜಿರ್ಕೋನಿಯಾ. ಅಚ್ಚ ಬಿಳಿ ಬೇಡ,
ಮೂವತ್ತು ವರ್ಷ ಚಹಾ ಕುಡಿದ ಪಕ್ಕದ ಹಲ್ಲಿನ ಬಣ್ಣ.
ಅಂಚು, ಒಂದು ಅಗುಳನ್ನು ಹಿಡಿಯುವಷ್ಟು.
ಇದಕ್ಕೆ ಪಟ್ಟಿಯಲ್ಲಿ ಎಲ್ಲೂ ಜಾಗವಿರಲಿಲ್ಲ,
'ಇತರೆ' ಎಂಬ ಚೌಕದಲ್ಲಿ ಬರೆದೆ.

ಕೂರಿಸುವ ದಿನ ಡಾಕ್ಟರ್ ಫೋನನ್ನು ಟ್ರೇಯ ಮೇಲಿಟ್ಟರು.
ಗಾಳಿಯ ಸದ್ದು, ನೀರು ಹೀರುವ ಸದ್ದು,
"ಬಾಯಿ ದೊಡ್ಡದು ಮಾಡಿ."
ಒಂದು ಸುತ್ತು. ಎರಡು.
ಮೂರನೆಯದಕ್ಕೆ ಕೋಡಿಬಾಗದಲ್ಲಿ ನಾನು ಹಲ್ಲು ಕಚ್ಚಿದೆ.
ಹಿಡಿಕೆ ಟಕ್ ಎಂದಿತು.

ಹೊಸ ಕಾರ್ಡಿನಲ್ಲಿ ಕಂಪನಿ, ಅಳತೆ, ತಾರೀಖು,
ಕೆಳಗೆ, ಮೊದಲ ಸಲ, ಲ್ಯಾಬಿನ ಹೆಸರಿಗೂ ಒಂದು ಸಾಲು.
ಇನಾಸ್ ಎರಡು ಪ್ರತಿ ಕೇಳಿದನಂತೆ,
ಒಂದು ಲಾಂಡ್ರಿಗೆ.